ಜೊತೆಗಾರನ ಸಾವಿನ ಪೋಸ್ಟರ್

ಕುಮಾಸಿಯ ಬಾಂಟಾಮಾ ಪೇಟೆಯಲ್ಲಿ ಕೆಂಕೆ ಮಾರುವ ಮಾಮೆ ಪೊಕುವಾ, ಬುಧವಾರ ಬೆಳಿಗ್ಗೆ ಕ್ವಾಬೆನಾ ಬೆಡಿಯಾಕೊ ತನ್ನ ಅಂಗಡಿಯ ಮುಂದೆ ಬಂದು ನಿಂತದ್ದನ್ನು ಕಂಡು ಕೈಯಲ್ಲಿದ್ದ ಸೌಟನ್ನು ಮೆಣಸಿನ ಗೊಜ್ಜಿನೊಳಕ್ಕೇ ಬಿಟ್ಟುಬಿಟ್ಟಳು. ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಹಿಟ್ಟಿನುಂಡೆಗಳ ಹಬೆ ಇಬ್ಬರ ನಡುವೆ ಏಳುತ್ತಿತ್ತು. ಹಬೆಯಾಚೆಯಿಂದ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ ಅವಳು ಕೈಚಾಚಿ ಅವನ ಮುಂಗೈ ಚಿವುಟಿದಳು.

“ಬೆಚ್ಚಗೇ ಇದ್ದೀಯಲ್ಲೋ!”

“ಇನ್ನು ಹೇಗಿರಬೇಕಿತ್ತು?”

“ತಣ್ಣಗೆ. ನಿನ್ನೆ ಸಂಜೆ ವ್ಯಾಪಾರ ಬಿಟ್ಟು ನಿನಗೋಸ್ಕರ ಅತ್ತಿದ್ದೀನಿ ಕಣೋ ಬೆಡಿ. ಪಕ್ಕದ ಮೀನಿನವಳೂ ಅತ್ಲು. ಅವಳಿಗೆ ನೀನು ಯಾರೂಂತ್ಲೇ ಗೊತ್ತಿಲ್ಲ, ನನ್ನ ನೋಡಿ ಅತ್ಲು. ಅಕ್ಷರ ನನಗೆ ಬರಲ್ಲ, ಮುಖ ಗೊತ್ತಾಗುತ್ತೆ. ಆ ಔಷಧಿ ಅಂಗಡಿ ಗೋಡೆ ನೋಡು ಹೋಗು.”

ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್ ಇತ್ತು. ‘ಎಂಥ ಆಘಾತ!’ ಎಂದು ಮೇಲೆ ಕೆಂಪಕ್ಷರ. ಅದರ ಕೆಳಗೆ ತಲೆಪಟ್ಟಿ ಕಟ್ಟಿ, ಕೂದಲನ್ನು ಮುಂಭಾಗದಲ್ಲಿ ಗೋಪುರದ ಹಾಗೆ ಎತ್ತಿದ್ದ ಯುವಕನೊಬ್ಬ ಬೆಳ್ಳಿಯ ಬಟ್ಟಲಿನ ಅಂಚು ಹಿಡಿದು ನಗುತ್ತಿದ್ದ. ಹೆಸರು ಕೋಜೋ ಅಡಾರ್ಕ್ವಾ, ದೇಶದ ಹೆಮ್ಮೆಯ ಟೆನಿಸ್ ಆಟಗಾರ. ಶವಸಂಸ್ಕಾರ ಬರುವ ಶನಿವಾರ, ಕುಲದ ಮನೆಯಂಗಳದಲ್ಲಿ. ಬಟ್ಟೆ ಕೆಂಪು ಮತ್ತು ಕಪ್ಪು.

ಹೆಸರು ಕೋಜೋನದು. ಮುಖ ಬೆಡಿಯಾಕೊನದು.

ಕೋಜೋ ಸತ್ತ ಸುದ್ದಿ ಅವನಿಗೆ ಹೊಸದಲ್ಲ. ತಿಂಗಳ ಹಿಂದೆಯೇ ಟಾಕೊರಾಡಿಯಿಂದ ಕೋಜೋನ ಹೆಂಡತಿ ಅಫ್ರಾಕೊಮಾ ಫೋನು ಮಾಡಿ ತಿಳಿಸಿದ್ದಳು. ಅಂದಿನಿಂದ ಹೆಣ ಶವಾಗಾರದಲ್ಲಿದ್ದು, ಕುಲದವರು ದಿನ ಗೊತ್ತು ಮಾಡುವುದನ್ನೇ ಎಲ್ಲರೂ ಕಾಯುತ್ತಿದ್ದರು. ಬೆಡಿಯಾಕೊ ಆ ಫೋನು ಇಟ್ಟ ಮೇಲೆ ತಾನು ಟೆನಿಸ್ ಕಲಿಸುವ ಅಂಗಣಕ್ಕೆ ಹೋಗಿ ಬಲೆಯ ಹಗ್ಗ ಬಿಗಿದಿದ್ದ. ಅಳು ಬಂದೀತೆಂದು ಕೆಲವು ದಿನ ಕಾದ, ಬರಲಿಲ್ಲ. ಈಗ ತನ್ನದೇ ಮುಖದ ಮುಂದೆ ನಿಂತಾಗಲೂ ಏನೂ ಆಗಲಿಲ್ಲ. ಮುದ್ರಿಸಿದವನು ಹಲ್ಲುಗಳನ್ನು ಇನ್ನಷ್ಟು ಬೆಳ್ಳಗೆ ಮಾಡಿದ್ದಾನೆ ಎಂಬುದನ್ನು ಗಮನಿಸಿದ. ಅಷ್ಟೇ.

ಇಬ್ಬರೂ ಆಟ ಕಲಿತದ್ದು ಕುಮಾಸಿಯ ದಿಬ್ಬದ ಮೇಲಿನ ಒಂದು ಕ್ಲಬ್ಬಿನಲ್ಲಿ, ದೊರೆಗಳ ಚೆಂಡು ಹೆಕ್ಕುತ್ತ. ಸಂಜೆ ಅವರು ಪಾನೀಯಕ್ಕೆ ಕುಳಿತ ಮೇಲೆ, ತಂತಿ ಹರಿದ ರ‍್ಯಾಕೆಟ್ಟುಗಳಿಗೆ ಮೀನಿನ ಬಲೆಯ ದಾರ ಕಟ್ಟಿಕೊಂಡು ಕೆಮ್ಮಣ್ಣಿನ ಅಂಗಣದಲ್ಲಿ ಆಡುತ್ತಿದ್ದರು. ಕೋಜೋ ಎಡಚ. ಶಾಲೆಯ ಮೇಷ್ಟ್ರು ಆ ಕೈಗೆ ಬರೆ ಬೀಳುವಂತೆ ಹೊಡೆದು, ಬರೆಯುವುದನ್ನು ಬಲಗೈಗೆ ತಿರುಗಿಸಿದ್ದರು. ಟೆನಿಸನ್ನು ತಿರುಗಿಸುವವರು ಯಾರೂ ಇರಲಿಲ್ಲ, ಅದು ಎಡಗೈಯಲ್ಲೇ ಉಳಿಯಿತು.

ಜೋಡಿಯಾಟದಲ್ಲಿ ಕೋಜೋ ಹಿಂದೆ ನಿಲ್ಲುತ್ತಿದ್ದ, ಬೆಡಿಯಾಕೊ ಬಲೆಯ ಬಳಿ. ಎದುರಾಳಿಯ ಕಾಲ ಬುಡಕ್ಕೇ ಬಂದು ಸಾಯುವಂಥ ಚೆಂಡನ್ನು ಕೋಜೋ ತಗ್ಗಿಸಿ ಬಿಡುತ್ತಿದ್ದ. ಎದುರಾಳಿ ಹೇಗೋ ಬಗ್ಗಿ ಎತ್ತಿದ ಚೆಂಡು ಗಾಳಿಯಲ್ಲಿ ಮೆಲ್ಲಗೆ ಬರುವಾಗ ಬೆಡಿಯಾಕೊ ಅಡ್ಡ ನುಗ್ಗಿ ಹೊಡೆಯುತ್ತಿದ್ದ. ಹೊಡೆದ ಸದ್ದು ಬೇಲಿಯಾಚೆಗೂ ಕೇಳುತ್ತಿತ್ತು, ಕಡಲೆಕಾಯಿ ಮಾರುವವರು ತಟ್ಟೆ ಇಳಿಸಿ ಕೂಗುತ್ತಿದ್ದರು. ಬಿಡಿ ಆಟದಲ್ಲಿ ಇಬ್ಬರೂ ಎದುರಾದಾಗಲೆಲ್ಲ ಗೆಲ್ಲುತ್ತಿದ್ದವನು ಕೋಜೋ. ಅದನ್ನು ನೋಡಲು ಜನ ಅಷ್ಟಾಗಿ ಬರುತ್ತಿರಲಿಲ್ಲ. ಆಟವೇ ಹೊಟ್ಟೆಪಾಡಾದ ಮೇಲೆ ಇಬ್ಬರೂ ಲೋಮೆ, ಇಬಾದಾನ್, ಅಬಿಜಾನ್, ನೈರೋಬಿ ಸುತ್ತಿದರು. ಒಮ್ಮೆ ಯುರೋಪಿಗೂ ಹೋಗಿ, ಥಂಡಿ ಮಳೆಯಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದರು.

ಬೆಡಿಯಾಕೊನ ಹೆಸರು ಊರಿನ ಬಾಯಲ್ಲಿ ಕುಳಿತದ್ದು ಆ ವರ್ಷಗಳಲ್ಲಿ. ಕ್ಷೌರಿಕರು ತಮ್ಮ ಹಲಗೆಗಳ ಮೇಲೆ ಅವನ ತಲೆಯ ಚಿತ್ರ ಬರೆಸಿ ‘ಬೆಡಿ ಕಟಿಂಗ್’ ಎಂದು ಹಾಕಿದರು. ಟ್ರೋಟ್ರೋ ವ್ಯಾನುಗಳ ಬೆನ್ನ ಮೇಲೆ ಅವನ ಹೆಸರು ಓಡಾಡಿತು. ಕುಣಿತದ ಮನೆಗಳಲ್ಲಿ ವಾದ್ಯದವರು ಅವನು ಒಳಗೆ ಬಂದರೆ ಹಾಡಿನ ನಡುವೆ ಅವನ ಹೆಸರು ಸೇರಿಸುತ್ತಿದ್ದರು. ಬಹುಮಾನ ಕೊಡುವಾಗ ಗಣ್ಯರು ಬಟ್ಟಲನ್ನು ಬೆಡಿಯಾಕೊನ ಕಡೆಗೇ ಚಾಚುತ್ತಿದ್ದರು. ಆಗಷ್ಟೇ ಎಲ್ಲರೆದುರು ಎಡಗೈ ಬೀಸಿದವನಿಗೆ ಏನನ್ನಾದರೂ ಕೊಡಲು ಹಿರಿಯರಿಗೆ ಒಂದು ಬಗೆಯ ಮುಜುಗರ. ಕೋಜೋ ಇದನ್ನು ಬಲ್ಲವನಾಗಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ಫೋಟೊಗಳಲ್ಲಿ ಅವನ ಕಿವಿ ಬರುತ್ತಿತ್ತು, ಭುಜ ಬರುತ್ತಿತ್ತು.

ಲಾಗೋಸಿನಲ್ಲಿ ಗೆದ್ದ ಮರುದಿನ ಪತ್ರಿಕೆಯೊಂದು ಬಟ್ಟಲು ಹಿಡಿದ ಬೆಡಿಯಾಕೊನ ಚಿತ್ರದ ಕೆಳಗೆ ಕೋಜೋನ ಹೆಸರು ಹಾಕಿತು. ಬೆಡಿಯಾಕೊ ಪತ್ರಿಕೆಯವರಿಗೆ ಫೋನು ಮಾಡಲು ಎದ್ದ. ಕೋಜೋ ಅವನ ತೋಳು ಹಿಡಿದು ಕೂರಿಸಿದ.

“ಬಿಡೋ. ಒಂದು ದಿನ ನಾನೂ ಚೆನ್ನಾಗಿ ಕಾಣ್ಲಿ.”

ಆ ಪತ್ರಿಕೆಯ ತುಂಡನ್ನು ಕೋಜೋನ ಅಕ್ಕ ಕತ್ತರಿಸಿ ಎತ್ತಿಟ್ಟಿದ್ದಳು. ಅಕ್ಕ ಸತ್ತು ವರ್ಷಗಳಾಗಿವೆ. ಅವಳ ಮಗ ಫ್ರಿಂಪಾಂಗ್‌ಗೆ ಈಗ ಸೋದರಮಾವನ ಶವಸಂಸ್ಕಾರದ ಹೊಣೆ ಬಿದ್ದಿತ್ತು. ಹೆಣ ತಾಯಿಯ ಕುಲದ್ದು. ಹೆಂಡತಿಯನ್ನು ಯಾರೂ ಕೇಳಲಿಲ್ಲ. ಹಾಸಿಗೆ ಹಿಡಿದ ಮುದುಕನ ಮುಖವನ್ನು ಪೋಸ್ಟರಿಗೆ ಹಾಕುವುದು ಕುಲಕ್ಕೆ ಅವಮಾನ. ಹಾಗಾಗಿ ಫ್ರಿಂಪಾಂಗ್ ತಾಯಿಯ ಪೆಟ್ಟಿಗೆ ತೆಗೆದ.

“ಕೆಳಗೆ ಹೆಸರಿತ್ತು ಅಂಕಲ್,” ಎಂದ ಅವನು ಫೋನಿನಲ್ಲಿ, ಬೆಡಿಯಾಕೊ ಕೇಳಿದಾಗ. “ನಾನು ನೋಡೋ ಹೊತ್ತಿಗೆ ಮಾವ ಬೋಳಾಗಿದ್ರು. ವಯಸ್ಸಿನಲ್ಲಿ ಕೂದ್ಲು ಇತ್ತು ಅಂದ್ಕೊಂಡೆ.”

“ಮೂಗು?”

“ಮೂಗು ಸ್ವಲ್ಪ ಬೇರೆ ಅನ್ನಿಸ್ತು. ಕಾಯಿಲೆಯಲ್ಲಿ ಮೂಗೂ ಇಳಿಯುತ್ತೇನೋ ಅಂತ.”

ಮನೆಯಲ್ಲಿ ಹೆಂಡತಿ ಅಚ್ಯಾ ಆಗಲೇ ಪೇಟೆಯಿಂದ ಎಲ್ಲ ಕೇಳಿಕೊಂಡು ಬಂದಿದ್ದಳು. ಬೇಯಿಸಿದ ಗೆಡ್ಡೆಯನ್ನು ಒರಳಿನಲ್ಲಿ ಫುಫುವಿಗೆ ಕುಟ್ಟುತ್ತಿದ್ದವಳು ತಲೆಯೆತ್ತದೆ ಹೇಳಿದಳು, “ಬಾ ಸತ್ತವನೇ. ಕೈ ತೊಳ್ಕೊ. ಊರಿಗೆಲ್ಲ ನಾನು ವಿಧವೆ ಆಗಿದ್ದೀನಂತೆ, ನನಗೇ ಯಾರೂ ಹೇಳ್ಲಿಲ್ಲ.”

“ತಮಾಷೆ ಮಾಡ್ಬೇಡ.”

“ನಾನೆಲ್ಲಿ ಮಾಡ್ದೆ? ಅವರು ಮಾಡಿದ್ದು.” ಒನಕೆ ನಿಲ್ಲಿಸಿದಳು. “ಅಲ್ಲ, ಕೋಜೋ ಫೋಟೊ ನಿನ್ನ ಹತ್ರ ಇದೆಯಲ್ಲ, ಒಯ್ದು ಕೊಡು.”

ಅವನು ಒಳಗೆ ಹೋಗಿ ಹುಡುಕಿದ. ಗೋಡೆಯ ಮೇಲಿದ್ದವು, ಮಂಚದ ಕೆಳಗಿನ ಡಬ್ಬಿಯಲ್ಲಿದ್ದವು, ಎಲ್ಲದರಲ್ಲೂ ತಾನೇ ಇದ್ದ. ಕೋಜೋನ ಮಗಳ ಮದುವೆಗೆ ಟಾಕೊರಾಡಿಗೆ ಹೋದಾಗ ತೆಗೆದವೂ ಇದ್ದವು. ಅಲ್ಲಿ ಅತಿಥಿಗಳು ಸಾಲುಗಟ್ಟಿ ಬೆಡಿಯಾಕೊನ ಪಕ್ಕ ನಿಂತಿದ್ದರು, ಮದುಮಗಳೂ ನಿಂತಿದ್ದಳು. ಅವನ್ನು ತೆಗೆದವನು ಕೋಜೋ. ಒಂದರ ಮೂಲೆಯಲ್ಲಿ ಅವನ ಹೆಬ್ಬೆರಳು ಮಬ್ಬಾಗಿ ಬಂದಿತ್ತು.

ಗುರುವಾರ ಅವನು ಸಾರಾಯಿ ಬಾಟಲಿ ಹಿಡಿದು ಕುಲದ ಮನೆಗೆ ಹೋದ. ಹೆಣವನ್ನು ಶವಾಗಾರದಿಂದ ತಂದು ಒಳಗೆ ಮಲಗಿಸಿಯಾಗಿತ್ತು. ಕುಲದ ಯಜಮಾನ ಒಪನಿನ್ ಅಂಟ್ವಿ ಅಂಗಳದಲ್ಲಿ ಹಾಕಿಸುತ್ತಿದ್ದ ಚಪ್ಪರದ ಕೆಳಗೆ ಕುಳಿತಿದ್ದರು. ಫ್ರಿಂಪಾಂಗ್ ಅವರ ಹಿಂದೆ ನಿಂತಿದ್ದ. ಅಫ್ರಾಕೊಮಾ ಗೋಡೆಯ ಬದಿಯ ಬೆಂಚಿನಲ್ಲಿ, ಕಪ್ಪು ಬಟ್ಟೆಯಲ್ಲಿ. ಬೆಡಿಯಾಕೊ ಬಲದಿಂದ ಎಡಕ್ಕೆ ಎಲ್ಲರ ಕೈ ಕುಲುಕಿ ಕುಳಿತ. ನೀರು ಬಂತು. ಕುಡಿದಾದ ಮೇಲೆ ಯಜಮಾನರು ಬಂದ ಕಾರಣ ಕೇಳಿದರು, ಅವರಿಗೆ ಗೊತ್ತೇ ಇಲ್ಲವೆಂಬಂತೆ.

“ಒಳ್ಳೇದಕ್ಕೇ ಬಂದೆ ಒಪನಿನ್. ಗೋಡೆ ಮೇಲೆ ಇರೋದು ನನ್ನ ಮುಖ.”

“ನೋಡ್ದೆ,” ಎಂದರು ಯಜಮಾನರು. “ಈ ಮಹಾಶಯ ಅಂಟಿಸಿ ಮುಗಿಸಿದ ಮೇಲೆ ನೋಡ್ದೆ. ಬಾಂಟಾಮಾದಿಂದ ಟಾಫೋ ತನಕ ಅಂಟಿಸಿದ್ದಾನೆ. ಬೇರೆ ಯಾವ ಕೆಲಸವನ್ನೂ ಇವನು ಇಷ್ಟು ಬೇಗ ಮಾಡಿದ್ದು ನಾನು ಕಂಡಿಲ್ಲ.”

ಫ್ರಿಂಪಾಂಗ್ ನೆಲ ನೋಡಿದ.

“ತೆಗೆಸಿ.”

“ತೆಗೆದ್ರೆ ಯಾಕೆ ಅಂತ ಕೇಳ್ತಾರೆ. ಬದುಕಿರೋ ಮನುಷ್ಯನ್ನ ಸತ್ತ ಅಂತ ಸಾರಿದ್ವಿ ಅನ್ಬೇಕು. ಆಮೇಲೆ ಏನು ಗೊತ್ತಲ್ಲ? ನಿನ್ನ ಪ್ರಾಣ ತೊಳೀಬೇಕು. ಕುರಿ, ಮೊಟ್ಟೆ, ಬಿಳಿ ಬಟ್ಟೆ. ನಿನ್ನ ಕುಲದ ಹಿರಿಯರನ್ನ ಕರೀಬೇಕು, ಅವರು ನಮ್ಮನ್ನ ಎರಡು ದಿನ ಬೈಬೇಕು. ಅದು ಮುಗಿಯೋ ತನಕ ಇವನನ್ನ ಹೂಳೋ ಹಾಗಿಲ್ಲ, ಹೆಣ ಮತ್ತೆ ಶವಾಗಾರಕ್ಕೆ. ಅಕ್ರಾದಿಂದ, ಇಟಲಿಯಿಂದ ಬಂದೋರೆಲ್ಲ ಬಸ್ಸಿಳಿದಿದ್ದಾರೆ.” ಯಜಮಾನರು ಧ್ವನಿ ತಗ್ಗಿಸಿದರು. “ಕುರಿ ನಾನು ಕೊಡ್ತೀನಿ ಬೆಡಿ. ಹೂತ ಮೇಲೆ, ಸದ್ದಿಲ್ಲದೆ. ಮಾತು ಕೊಟ್ಟೆ.”

“ಕುರಿ ಬೇಡ. ಹೆಣದ ತಲೆಯ ಹತ್ರ ಇಡೋ ಕಟ್ಟಿನ ಫೋಟೊ ಯಾರದು?”

ಅಫ್ರಾಕೊಮಾ ಬೆಂಚಿನಿಂದ ಹೇಳಿದಳು, “ನಿಮ್ಮದೇ ಭಾವ. ಬೆಳಿಗ್ಗೆ ತಂದ್ರು. ಚಿನ್ನದ ಬಣ್ಣದ ಕಟ್ಟು.”

ಅವಳು ಮಡಿಲಿನ ಚೀಲದಿಂದ ಒಂದು ಫೋಟೊ ತೆಗೆದಳು. ಟಾಕೊರಾಡಿಯಲ್ಲಿ, ರೈಲ್ವೆ ಉಗ್ರಾಣದ ಕೆಲಸದಿಂದ ನಿವೃತ್ತನಾದ ದಿನದ ಕೋಜೋ. ಬೋಳು ತಲೆ, ಖಾಕಿ ಅಂಗಿ. ಮರದ ಕುರ್ಚಿಯಲ್ಲಿ ಕುಳಿತಿದ್ದಾನೆ, ತೊಡೆಯ ಮೇಲೆ ಹಳೆಯ ರ‍್ಯಾಕೆಟ್ಟು, ಅದರ ಹಿಡಿಯ ಮೇಲೆ ಎಡಗೈ.

“ಇದನ್ನ ಇಡಿ ಅಂತ ಮೂರು ದಿನದಿಂದ ಕೇಳ್ತಿದ್ದೀನಿ,” ಎಂದಳು. “ಒಳಗೆ ಮಲಗಿಸಿರೋ ಮುಖವನ್ನ ರೋಗ ತಿಂದಿದೆ. ಅದನ್ನ ನೋಡಿ ನನ್ನ ಮಕ್ಕಳಿಗೇ ಗುರುತು ಸಿಗ್ತಿಲ್ಲ. ಗೋಡೆ ಮೇಲೆ ನೋಡಿದ್ರೆ ನೀವು. ಹಾಗಾದ್ರೆ ಇವರು ಎಲ್ಲಿದ್ದಾರೆ?”

ಯಜಮಾನರು ಫೋಟೊ ಇಸಿದುಕೊಂಡು ದೂರ ಹಿಡಿದು ನೋಡಿದರು. “ಎಡಗೈ ಮೇಲಿದೆ.”

“ಆ ಕೈಯಲ್ಲೇ ತಿಂದದ್ದು ನಿಮ್ಮ ಕುಲ, ಇವರು ಹಣ ಕಳಿಸ್ತಿದ್ದಾಗ,” ಎಂದಳು ಅಫ್ರಾಕೊಮಾ.

“ಹೆಣ ಇರೋ ಮನೆ ಕಣಮ್ಮ, ಬಾಯಿ ಬಿಗಿ ಹಿಡಿ.” ಆದರೆ ಗದರಿಸಿದ ಹಾಗಿರಲಿಲ್ಲ. ಯಜಮಾನರು ಫೋಟೊವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಬೆಡಿಯಾಕೊನ ಕಡೆ ತಿರುಗಿದರು. “ಇದನ್ನ ಇಡಬಹುದು. ಗೋಡೆ ಮೇಲಿರೋದು ಹರೆಯದ್ದು, ಇದು ಮುಪ್ಪಿನದು ಅಂದ್ಕೋತಾರೆ. ಆದ್ರೆ ನೀನು ಬಂದು ಮುಂದಿನ ಸಾಲಿನಲ್ಲಿ ಕೂತ್ರೆ? ನಿನ್ನ ಮುಖ ಬಲ್ಲ ಮುದುಕರು ಇನ್ನೂ ಇದ್ದಾರೆ. ಅಲ್ಲೊಂದು ಮುಖ, ಇಲ್ಲೊಂದು ಮುಖ, ನಡುವೆ ನೀನು. ಮೂರನ್ನೂ ನೋಡಿದವನಿಗೆ ಲೆಕ್ಕ ಹತ್ತುತ್ತೆ. ಚಪ್ಪರದಲ್ಲೇ ಗಲಾಟೆ ಶುರುವಾಗುತ್ತೆ.”

“ಚಿನ್ನದ ಕಟ್ಟೇ ಇದ್ರೆ?”

“ಆಗ ಬಾ. ಕಪ್ಪು ಕನ್ನಡಕ ಹಾಕ್ಕೊಂಡು ಹಿಂದೆ ಕೂರು. ಎಲ್ಲ ಕಡೆ ಒಂದೇ ಮುಖ ಇದ್ರೆ ಯಾರೂ ಹುಡುಕೋಕೆ ಹೋಗಲ್ಲ.” ಯಜಮಾನರು ಸಾರಾಯಿ ಬಾಟಲಿಯನ್ನು ಕಾಲ ಬಳಿಗೆ ಎಳೆದುಕೊಂಡರು. “ಎರಡರಲ್ಲಿ ಒಂದು. ಆದ್ರೆ ಯೋಚನೆ ಮಾಡು. ಜೊತೆಗಾರನ್ನ ಹೂಳೋ ದಿನ ಬರದೇ ಇದ್ರೆ ಊರು ಏನನ್ನುತ್ತೆ ಅಂತ ನಿನಗೆ ಹೇಳ್ಬೇಕಾಗಿಲ್ಲ. ಯಾಕೆ ಬರ್ಲಿಲ್ಲ ಅಂತ ನೀನೂ ಬಾಯಿ ಬಿಡೋ ಹಾಗಿಲ್ಲ, ನಾವೂ ಬಿಡಲ್ಲ.”

ಹೇಳಬೇಕಾಗಿರಲಿಲ್ಲ. ಕುಮಾಸಿಯಲ್ಲಿ ಮದುವೆ ತಪ್ಪಿಸಿದವನಿಗೆ ಕ್ಷಮೆಯಿದೆ. ಸಾವಿನ ಚಪ್ಪರದಲ್ಲಿ ಖಾಲಿ ಉಳಿದ ಕುರ್ಚಿ ಯಾರದೆಂದು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಬೆಡಿಯಾಕೊ ಆಟ ಬಿಟ್ಟ ಮೇಲೂ ಊರಿನಲ್ಲಿ ಬೆಡಿಯಾಗಿ ಉಳಿದದ್ದು ಹೊಡೆತಗಳಿಂದಲ್ಲ, ಹೊಡೆತ ನೋಡಿದವರು ಕಮ್ಮಿಯಾಗುತ್ತ ಬಂದಿದ್ದರು. ಶನಿವಾರ ತಪ್ಪದೆ ಯಾರದಾದರೂ ಚಪ್ಪರದಲ್ಲಿ ಕಪ್ಪುಟ್ಟು ಕೂರುತ್ತಿದ್ದುದರಿಂದ ಉಳಿದಿದ್ದ. ದೊಡ್ಡವನು, ಆದರೂ ಬರುತ್ತಾನೆ ಎನ್ನುತ್ತಿದ್ದರು.

“ಭಾವ ಬರ್ಲಿ,” ಎಂದಳು ಅಫ್ರಾಕೊಮಾ ತಟ್ಟನೆ. ಫೋಟೊಗೆ ಕೈಚಾಚಿದಳು. “ಬೇಡ, ಕೊಡಿ ಇಲ್ಲಿ. ಜೊತೆಗೆ ಆಡಿದವರು ಇರದೇ ಹೂಳೋದಾ?”

ಬೆಡಿಯಾಕೊ ತನ್ನೊಳಗೆ ಏನಾದರೂ ಒಂದು ಕಡೆಗೆ ವಾಲುತ್ತದೆಯೇ ಎಂದು ನೋಡಿದ. ಮರಗಟ್ಟಿದ ಕಾಲಿನ ಮೇಲೆ ಭಾರ ಹಾಕಿದ ಹಾಗಿತ್ತು. ಕಾಲಿದೆ ಎಂದು ಗೊತ್ತು, ನೆಲ ತಿಳಿಯದು.

“ಅವನನ್ನ ಇಡಿ,” ಎಂದ.

“ಖಂಡಿತ?” ಎಂದರು ಯಜಮಾನರು.

“ಇಡಿ. ಕೈ ಕಾಣೋ ಹಾಗೆ ಇಡಿ, ಹೂವು ಮುಚ್ಚಬಾರದು.”

ಶನಿವಾರ ಅವನು ತಾನು ಆಟ ಕಲಿಸುವ ಕ್ಲಬ್ಬಿಗೆ ಹೋದ. ಕಲಿಯುವವರು ಯಾರೂ ಬಂದಿರಲಿಲ್ಲ, ಬರುವವರೂ ಯಾವುದೋ ಚಪ್ಪರದಲ್ಲಿದ್ದರು. ಅಂಗಣಕ್ಕೆ ನೀರು ಹಾಕಿದ, ಉರುಳೆ ಎಳೆದ, ಸುಣ್ಣದ ಗೆರೆ ಹೊಸದಾಗಿ ಎಳೆದ. ಊರಿನ ಎಲ್ಲ ದಿಕ್ಕಿನಿಂದಲೂ ಡೋಲಿನ ಸದ್ದು ಬರುತ್ತಿತ್ತು. ಅದರಲ್ಲಿ ಕೋಜೋನದು ಯಾವುದೆಂದು ಬಿಡಿಸಲಾಗಲಿಲ್ಲ. ಕಾವಲುಗಾರ ಗೇಟಿನಿಂದ ಎದ್ದು ಬಂದ. “ಏನ್ ಗುರುಗಳೇ, ಇವತ್ತು ಇಲ್ಲಿ? ಆ ಆಟಗಾರರನ್ನೇ ಅಲ್ವಾ ಹೂಳ್ತಿರೋದು?”

“ಹೌದು.”

“ಹೋಗಲ್ವಾ?”

“ಗೆರೆ ಅಳಿಸಿಹೋಗಿತ್ತು.”

ಕಾವಲುಗಾರ ಗೆರೆ ನೋಡಿದ, ಅವನನ್ನು ನೋಡಿದ, ವಾಪಸು ಹೋಗಿ ಕುಳಿತ. ಮುಂದೆ ಇಡೀ ದಿನ ಮಾತಾಡಿಸಲಿಲ್ಲ.

ಅಚ್ಯಾ ಸಂಜೆ ಬೆಳಕಿರುವಾಗಲೇ ಬಂದಳು. ತಲೆಯ ಕೆಂಪು ಬಟ್ಟೆ ಬಿಚ್ಚಿ, ಊದಿದ ಕಾಲುಗಳನ್ನು ಬೋಗುಣಿಯ ನೀರಿಗೆ ಇಳಿಸಿ ಅಂಗಳದಲ್ಲಿ ಕುಳಿತಳು. ಅವನು ಎದುರಿನ ಸ್ಟೂಲಿನಲ್ಲಿ ಕುಳಿತ.

“ಇಟ್ಟಿದ್ರಾ?” ಎಂದ.

“ಇಟ್ಟಿದ್ರು. ಕಟ್ಟು ಅದೇ ಚಿನ್ನದ್ದು, ಒಳಗೆ ಅವನು.” ನೀರಲ್ಲಿ ಹೆಬ್ಬೆರಳು ಆಡಿಸಿದಳು. “ಮೊದ್ಲು ಬಂದವರು ಸತ್ತವನ ಅಪ್ಪನ ಫೋಟೊ ಯಾಕೆ ಇಟ್ಟಿದ್ದಾರೆ ಅಂದ್ರು. ಆ ಫ್ರಿಂಪಾಂಗ್ ಸುಮ್ನೆ ಹಲ್ಲು ಕಿರಿದ. ಅಫ್ರಾಕೊಮಾ ಬಿಡ್ಲಿಲ್ಲ. ಹೆಣದ ಕಾಲ ಹತ್ರ ಕೂತವಳು, ಸಾಲಲ್ಲಿ ಬಂದ ಒಬ್ಬೊಬ್ರಿಗೂ ಹೇಳಿದ್ಲು, ಇವರು ನನ್ನ ಗಂಡ ಅಂತ. ಅಳ್ಲಿಲ್ಲ, ಬರೀ ಅದೊಂದೇ ಹೇಳಿದ್ಲು. ಗಂಟ್ಲು ಕಟ್ಟಿ ಕೊನೆಗೆ ಬರೀ ತುಟಿ ಆಡ್ತಿತ್ತು.”

“ಜನ?”

“ನಿಂತ್ರು. ಒಂದ್ಸಲ ಮುಂದೆ ಹೋದವರೂ ತಿರುಗಿ ಬಂದು ನೋಡಿದ್ರು. ಒಬ್ಬ ಮುದುಕ, ಕಡಲೆಕಾಯಿ ಮಾರ್ತಿದ್ದೋನಂತೆ, ಫೋಟೊದಲ್ಲಿರೋ ಕೈ ಮೇಲೆ ಬೆರಳಿಟ್ಟು ಅದೇನೋ ಹೇಳಿದ. ಡೋಲಿನ ಸದ್ದಿಗೆ ಕೇಳಿಸ್ಲಿಲ್ಲ.”

ಬೆಡಿಯಾಕೊ ತಲೆಯಾಡಿಸಿದ. ಅವಳು ಇನ್ನೇನೋ ಹೇಳುವುದಿದೆ, ಹೇಳದೆ ಕಾಲು ತಿಕ್ಕುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು.

“ನನ್ನ ವಿಷಯ ಕೇಳಿದ್ರಾ?”

“ಕೇಳ್ದೇ ಇರ್ತಾರಾ? ಮೈಕಿನೋನು ಹೆಸರು ಹಿಡಿದು ಕರೆದ. ಜೊತೆಗಾರ ಬೆಡಿಯಾಕೊ ಎಲ್ಲಿದ್ರೂ ಮುಂದೆ ಬರ್ಬೇಕು ಅಂತ ಎರಡು ಸಲ ಕರೆದ. ಅವನಿಗೆ ಯಾರು ಹೇಳಿರ್ತಾರೆ? ಯಜಮಾನರು ಎದ್ದು ಹೋಗಿ ಮೈಕು ಕಿತ್ಕೊಂಡ್ರು.”

“ಆಮೇಲೆ?”

“ನನ್ನ ಹಿಂದೆ ಕೂತಿದ್ದ ಹೆಂಗಸು ಅಂದ್ಲು, ದೊಡ್ಡವನಾದ ಮೇಲೆ ಸತ್ತವರ ಮನೆ ಮೆಟ್ಲು ಎತ್ತರ ಆಗ್ಬಿಡುತ್ತೆ ಅಂತ. ಇನ್ನೊಬ್ಳು ಅಂದ್ಲು, ಬಟ್ಲು ಹಿಡಿಯೋವಾಗ ಮುಂದೆ, ಮಣ್ಣು ಹಾಕೋವಾಗ ಇಲ್ಲ. ನಾನು ನಿನ್ನ ಹೆಂಡ್ತಿ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಅಂದ್ರು.”

“ನೀನೇನಂದೆ?”

“ಏನನ್ಲಿ? ಮಾತು ಕೊಟ್ಟು ಬಂದಿದ್ದೀಯಲ್ಲ.” ಅವಳು ಅವನ ಮುಖ ನೋಡಿದಳು. “ನೀನು ಬಂದಿದ್ರೆ ಆ ಫೋಟೊ ಕಡೆ ಒಬ್ರೂ ತಿರುಗ್ತಿರ್ಲಿಲ್ಲ. ಅದೂ ನಿಜ. ಬೇಜಾರಾಯ್ತಾ?”

ಅವನು ನಿಜವಾಗಿಯೂ ಯೋಚಿಸಿದ.

“ಗೊತ್ತಾಗ್ತಿಲ್ಲ.”

“ಹೂಂ.” ಅಚ್ಯಾ ಬೋಗುಣಿಯಿಂದ ಕಾಲೆತ್ತಿ ಬಟ್ಟೆಯಲ್ಲಿ ಒರೆಸಿಕೊಂಡಳು. “ನಾಳೆ ಚರ್ಚಿನಲ್ಲಿ ಪ್ರಾರ್ಥನೆ. ಎಲ್ಲ ಬಿಳೀದು ಉಡ್ತಾರೆ. ಫೋಟೊ ಅಲ್ಲಿಗೂ ತರ್ತಾರಂತೆ. ಅಲ್ಲಿಗೂ ಬರಲ್ವಾ?”

“ಅಲ್ಲಿಗೂ ಇಲ್ಲ.”

ಅವಳು ಎದ್ದು, ಹಗ್ಗದ ಮೇಲೆ ಒಣಗುತ್ತಿದ್ದ ಎರಡು ಬಿಳಿ ಬಟ್ಟೆಗಳಲ್ಲಿ ತನ್ನದನ್ನು ಮಾತ್ರ ತೆಗೆದುಕೊಂಡು ಇಸ್ತ್ರಿ ಮಾಡಲು ಒಳಗೆ ಹೋದಳು.